ನಾಲ್ಕು ನಿಮಿಷ ಹನ್ನೊಂದು ಸೆಕೆಂಡು

ಮಾರ್ಚ್ ೧, ಶನಿವಾರ

ಇದನ್ನು ಬರೆಯದೆ ಬಿಡುವುದರಲ್ಲಿದ್ದೆ: ವಿಮಾನ ನೆಲಕ್ಕೆ ಬಡಿದಾಗ ನಾನು ತಕ್ಷಣ ಓಡಲಿಲ್ಲ. ಕೈಯಲ್ಲಿದ್ದ ಸ್ಟಾಪ್‌ವಾಚ್ ನಿಲ್ಲಿಸಿದೆ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಅಂಕಿ ಓದಿ, ಹಾಳೆಯಲ್ಲಿ ಬರೆದು, ಪೆನ್ನಿನ ಮುಚ್ಚಳ ಹಾಕಿದೆ. ಆಮೇಲೆ ಓಡಿದೆ. ಅಷ್ಟರಲ್ಲಿ ಅಣ್ಣ ಬೆಂಕಿ ಆರಿಸುವ ಸಿಲಿಂಡರ್ ಎತ್ತಿಕೊಂಡು ಅರ್ಧ ದಾರಿ ದಾಟಿದ್ದ.

ಬೆಂಕಿ ಹತ್ತಲಿಲ್ಲ. ಮೇಷ್ಟ್ರು ಬದುಕಿದ್ದಾರೆ. ಬೆನ್ನುಮೂಳೆಯ ಎರಡು ಮಣಿ ಕುಸಿದಿವೆ, ಬಲಗಾಲಿನ ಹರಡು ಮುರಿದಿದೆ.

ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ. ಅಣ್ಣ ಮೆಟ್ಟಿಲು ಮಾಡುವ ಬಡಗಿ. ಹಿತ್ತಲ ಶೆಡ್ಡಿನಲ್ಲಿ ಒಂಬತ್ತು ವರ್ಷ ದುಡಿದು, ಒಬ್ಬರು ಮಾತ್ರ ಕೂರಬಹುದಾದ ಮರದ ವಿಮಾನ ಕಟ್ಟಿದ. ಅದೇ ಮನೆಯ ಮಹಡಿಯ ಕೋಣೆಯಲ್ಲಿರುವ ನಾನು ಅಂಟು ಒಣಗುವ ಹೊತ್ತು ನೋಡುವುದರಿಂದ ಹಿಡಿದು ಅಳತೆ ಬರೆದಿಡುವವರೆಗೆ ಅವನ ಎಡಗೈ. ಕಟ್ಟಿದವನೇ ಮೊದಲ ಸಲ ಹಾರಿಸಬಾರದು ಎಂದು ಹಟ ಹಿಡಿದವಳೂ ನಾನೇ. ತನ್ನ ಕೈಕೆಲಸದ ತಪ್ಪು ತನಗೆ ಕಾಣುವುದಿಲ್ಲ, ಕಂಡರೂ ಒಪ್ಪಲು ಮನಸ್ಸು ಬರುವುದಿಲ್ಲ. ಅಣ್ಣ ಮೂರು ದಿನ ಮಾತು ಬಿಟ್ಟ, ಆಮೇಲೆ ಒಪ್ಪಿದ. ನಲವತ್ತು ವರ್ಷ ಹಾರುವುದನ್ನು ಕಲಿಸಿ ಎಲ್ಲರ ಬಾಯಲ್ಲೂ ‘ಮೇಷ್ಟ್ರು’ ಆಗಿರುವವರನ್ನು ಹೋಗಿ ಕೇಳಿದೆವು. ಅವರಿಗೆ ಅರವತ್ತೇಳು.

ಎಚ್ಚರಿಕೆಯ ಪಟ್ಟಿ ನನ್ನದು. ಉದ್ದನೆಯ ರನ್‌ವೇ. ಗಾಳಿಯಿಲ್ಲದ ಬೆಳಗು. ನೋಡಲು ಯಾರೂ ಬರಕೂಡದು, ಅತ್ತಿಗೆ ಕೂಡ. ಅರ್ಧ ಟ್ಯಾಂಕ್ ಇಂಧನ. ಬೆಂಕಿ ಸಿಲಿಂಡರ್, ಕೊಡಲಿ, ಗೇಟಿನ ಬಳಿ ಆಂಬ್ಯುಲೆನ್ಸ್. ಎರಡು ವಾರ ಮೊದಲೇ ವಿಮಾನದ ತೂಕ ನೋಡಿದ್ದೆವು. ಅಂದುಕೊಂಡದ್ದಕ್ಕಿಂತ ನಾಲ್ಕೂವರೆ ಕಿಲೋ ಹಗುರ ಬಂತೆಂದು ಅಣ್ಣ ಉಳಿ ಹಿಡಿದೇ ಕುಣಿದಿದ್ದ.

೬.೪೦ಕ್ಕೆ ವಿಮಾನ ನೆಲ ಬಿಟ್ಟಿತು. ಇಪ್ಪತ್ತು ನಿಮಿಷ ಸುತ್ತುವುದೆಂದು ನಿಶ್ಚಯವಾಗಿತ್ತು, ಆದರೆ ಮೇಷ್ಟ್ರು ಒಂದೇ ಸುತ್ತಿಗೆ ತಿರುಗಿದರು. ನಡುವೆ ರೇಡಿಯೋದಲ್ಲಿ ಒಂದೆರಡು ಮಾತಾಯಿತು, ಮುಖ್ಯವಾದದ್ದೇನಲ್ಲ. ಇಳಿಯುವಾಗ, ನೆಲ ಇನ್ನೂ ಮೂರಾಳು ಕೆಳಗಿದ್ದಾಗ, ಯಾರೋ ಬಾಲ ಹಿಡಿದು ಜಗ್ಗಿದ ಹಾಗೆ ಮೂಗು ಮೇಲಕ್ಕೆದ್ದಿತು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಕಲ್ಲಿನಂತೆ ಬಿತ್ತು.

ಮಾರ್ಚ್ ೨, ಭಾನುವಾರ

ಹಾರಾಟ ಸಂಘದವರು ಫೋಟೋ ತೆಗೆದುಕೊಂಡು, ಇನ್ನು ಒಯ್ಯಬಹುದು ಎಂದರು. ೧೧.೧೫ಕ್ಕೆ ಮುರಿದ ವಿಮಾನ ಲಾರಿಯಲ್ಲಿ ಮನೆಗೆ ಬಂತು. ಬಾಲ ಒಂದೇ ಸರಿಯಾಗಿ ಉಳಿದಿದೆ. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ನೋಡಿದಳು.

“ಒಂಬತ್ತು ವರ್ಷ ಇದನ್ನ ಸವತಿ ಅಂದ್ಕೊಂಡಿದ್ದೆ. ಈಗ ಕಾಲು ಮುರ್ಕೊಂಡು ಮನೆಗೇ ಬಂದ್ಲು. ಇನ್ನು ಆರೈಕೆ ಬೇರೆ.”

ಯಾರೂ ನಗಲಿಲ್ಲ. ಹೇಳಿದವಳೂ ನಗಲಿಲ್ಲ.

ಮೂವತ್ತು ದಿನದೊಳಗೆ ವಿಮಾನಯಾನ ಪ್ರಾಧಿಕಾರಕ್ಕೆ ಎರಡು ಹೇಳಿಕೆ ಕಳಿಸಬೇಕು. ಒಂದು ಕಟ್ಟಿದವನದು, ಇನ್ನೊಂದು ನೆಲದಲ್ಲಿ ನಿಂತು ಟಿಪ್ಪಣಿ ಮಾಡಿದವರದು. ಎರಡನೆಯದು ನನ್ನದು.

ಮಾರ್ಚ್ ೫, ಬುಧವಾರ

ಮೇಷ್ಟ್ರು ಇರುವುದು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ನಾನು ನೆಲಮಾಳಿಗೆಯ ಔಷಧ ವಿಭಾಗದಲ್ಲಿ, ಅವರು ಮೂರನೇ ಮಹಡಿಯ ಮೂಳೆ ವಾರ್ಡಿನಲ್ಲಿ. ಅವರ ಚೀಟಿ ನನ್ನ ಮೇಜಿಗೇ ಬರುತ್ತದೆ. ನೋವಿನ ಮಾತ್ರೆ ದಿನಕ್ಕೆ ಮೂರು, ನಾನೇ ಎಣಿಸಿ ಹಾಕುತ್ತೇನೆ. ಇವತ್ತು ೧.೧೦ಕ್ಕೆ ನಾನೇ ಒಯ್ದು ಕೊಟ್ಟೆ.

“ಬಾ ಪಟ್ಟಿಯಮ್ಮ. ಇವತ್ತು ಯಾವ ಪಟ್ಟಿ?” ಎಂದರು ಮಲಗಿದಲ್ಲಿಂದಲೇ. ನನ್ನ ಎಚ್ಚರಿಕೆಯ ಪಟ್ಟಿ ಕಂಡ ದಿನದಿಂದ ನನಗೆ ಅದೇ ಹೆಸರು.

“ಬರೀ ಮಾತ್ರೆ ಪಟ್ಟಿ ಮೇಷ್ಟ್ರೇ.”

“ನಿಮ್ಮಣ್ಣನ ರೆಕ್ಕೆ ಚೆನ್ನಾಗಿತ್ತು ಕಣಮ್ಮ. ಮೂಗು ಮಾತ್ರ ಕೈಲಿ ನಿಲ್ಲಲಿಲ್ಲ. ತಟ್ಟೇಲಿ ನೀರು ಹೊತ್ಕೊಂಡು ನಡೆದ ಹಾಗಿತ್ತು.” ಮಾತ್ರೆ ಬಾಯಿಗೆ ಹಾಕಿಕೊಂಡರು. “ತೂಕದ ಕಾಗದ ಸರಿಯಿತ್ತಲ್ಲ?”

“ಸರಿಯಿತ್ತು.”

“ಹಾಗಾದ್ರೆ ತಪ್ಪಿದ್ದು ನನ್ನ ಕೈಯೇ. ವಯಸ್ಸಾಯ್ತು ಬಿಡು.”

ಅವರ ಮಗಳು ಕಿಟಕಿಯ ಬಳಿ ನಿಂತು ಟವೆಲ್ ಮಡಿಸುತ್ತಿದ್ದಳು. “ಕಂಡೋರ ಮಕ್ಕಳಿಗೆಲ್ಲ ಇಳಿಯೋದು ಹೇಳ್ಕೊಟ್ಟೆ. ಕೊನೆಗೆ ನಿನಗೇ ಮರೆತುಹೋಯ್ತೇನಪ್ಪಾ?” ತಮಾಷೆಗೆ ಹೊರಟ ಮಾತು ಅರ್ಧದಲ್ಲೇ ಒಡೆಯಿತು. ಮೇಷ್ಟ್ರು ಹೊದಿಕೆಯ ಮೇಲಿದ್ದ ಕೈಗಳನ್ನು ಒಳಗೆ ಎಳೆದುಕೊಂಡರು.

೧.೨೨ಕ್ಕೆ ಕೆಳಗೆ ಬಂದೆ.

ಮಾರ್ಚ್ ೮, ಶನಿವಾರ

ಸಂಘದ ಕಾರ್ಯದರ್ಶಿ ಮನೆಗೆ ಬಂದಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರು, ಇವತ್ತು ಮಾತ್ರ ನೇರವಾಗಿದ್ದರು.

“ಮರದ ಕೆಲಸ ಸರಿ, ಎಂಜಿನ್ ಸರಿ, ತೂಕದ ಹಾಳೆ ಬೆಣ್ಣೆ ಹಾಗಿದೆ. ಇನ್ನು ಉಳಿಯೋದು ಏನು ಹೇಳಿ? ಮೇಷ್ಟ್ರು ತಾವಾಗೇ ಬರ್ಕೊಟ್ಟಿದ್ದಾರೆ. ಇನ್ನು ಹಾರಲ್ಲ, ಕಲಿಸಲ್ಲ ಅಂತ. ಅಂಥಾ ದೊಡ್ಡ ಮನುಷ್ಯ. ಲೈಸೆನ್ಸನ್ನ ಮಗಳ ಕೈಲಿ ಕಳಿಸಿದ್ರು. ನನಗೆ ಅದನ್ನ ಮುಟ್ಟೋಕೇ ಆಗ್ಲಿಲ್ಲ.”

ಅಣ್ಣ ತಲೆ ತಗ್ಗಿಸಿ ಕೇಳಿದ. ಅವನ ಹೆಗಲು ಸಡಿಲವಾದದ್ದನ್ನು ನಾನು ಕಂಡೆ. ಅವನನ್ನು ದೂರಲಾರೆ, ನನಗೂ ಉಸಿರು ಸರಾಗವಾಯಿತು. ಒಂಬತ್ತು ವರ್ಷದ ನಮ್ಮ ಕೆಲಸದಲ್ಲಿ ತಪ್ಪಿಲ್ಲ. ಹಾಗಿದ್ದರೆ ಊಟ ಏಕೆ ಸೇರುತ್ತಿಲ್ಲ?

ಮಾರ್ಚ್ ೧೨, ಬುಧವಾರ

ಹೇಳಿಕೆ ಬರೆಯಲು ಕೂತೆ, ೭.೦೫ರಿಂದ ೭.೫೦. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಯಾರೂ ಏನೂ ಮಾಡದ ಹಾಗೆ, ಎಲ್ಲ ತಾನಾಗಿ ನಡೆದ ಹಾಗೆ ಬರೆಯಬಹುದು. ಅದರಲ್ಲಿ ನನಗೆ ಬಹುಮಾನ ಕೂಡ ಬಂದಿತ್ತು. ಒಂದು ಪುಟ ಸೊಗಸಾಗಿ ಬಂತು. ರೇಡಿಯೋ ಎಂಬಲ್ಲಿಗೆ ಬಂದು ನಿಲ್ಲಿಸಿದೆ.

ಮಾರ್ಚ್ ೧೪, ಶುಕ್ರವಾರ

ಮುಲಾಮು ಬೆರೆಸುವ ಮೇಜಿಗೆ ಇವತ್ತು ಹೊಸ ತಕ್ಕಡಿ ಬಂತು. ಹಳೆಯದರ ಸೊನ್ನೆ ಗುಂಡಿ ಕೆಟ್ಟು ಆರು ವರ್ಷ ಆಗಿತ್ತು. ಅದನ್ನು ಒತ್ತಿದರೆ ಖಾಲಿ ಡಬ್ಬಿಯ ತೂಕವನ್ನು ಯಂತ್ರವೇ ಬಿಟ್ಟುಬಿಡಬೇಕು, ಆದರೆ ಬಿಡುತ್ತಿರಲಿಲ್ಲ. ಹಾಗಾಗಿ ಡಬ್ಬಿ ತೂಗಿ, ತಳದಲ್ಲಿ ಬರೆದು, ಕೊನೆಗೆ ಕಳೆಯುವುದು ನಮ್ಮ ಪದ್ಧತಿ. ನಿದ್ದೆಯಲ್ಲಿ ಎಬ್ಬಿಸಿದರೂ ಕಳೆಯುತ್ತೇನೆ.

ಮೊದಲ ಡಬ್ಬಿಯೇ ಹೊಂದಲಿಲ್ಲ. ಎಷ್ಟು ಸಲ ತೂಗಿದರೂ ಮುಲಾಮು ಕಡಿಮೆ. ಪಕ್ಕದ ಮೇಜಿನ ಹಿರಿಯಾಕೆ ಕನ್ನಡಕ ಏರಿಸಿ ಇಣುಕಿದಳು.

“ಅಯ್ಯೋ ನಿನ್ನ! ಡಬ್ಬಿ ಇಟ್ಟು ಸೊನ್ನೆ ನಾನೇ ಮಾಡಿದ್ದೀನಲ್ಲೇ. ನೀನು ಮತ್ತೆ ಕಳೆದ್ರೆ? ಒಂದೇ ಡಬ್ಬೀನ ಎರಡು ಸಲ ಕಳೆದ್ರೆ ಲೆಕ್ಕದಲ್ಲಿ ಉಳಿಯೋದು ಬರೀ ಮುಚ್ಚಳ!”

ಅವಳು ನಕ್ಕಳು. ನಾನೂ ನಗಲು ಹೋದೆ.

ಸ್ಟೂಲು.

ತೂಕ ನೋಡಿದ ದಿನ ವಿಮಾನ ಹಾರುವ ಭಂಗಿಯಲ್ಲಿ ಮಟ್ಟಸವಾಗಿ ನಿಲ್ಲಬೇಕಿತ್ತು. ಅದಕ್ಕೆ ಬಾಲವನ್ನು ಅಣ್ಣನ ಮರದ ಸ್ಟೂಲಿನ ಮೇಲೆ ಏರಿಸಿ, ಸ್ಟೂಲನ್ನು ತೂಕದ ಹಲಗೆಯ ಮೇಲೆ ಇಟ್ಟಿದ್ದೆವು. ಸ್ಟೂಲಿನದು ನಾಲ್ಕು ಕಿಲೋ ಆರುನೂರು ಗ್ರಾಂ. ಅದರ ತಳದಲ್ಲಿ ಸೀಮೆಸುಣ್ಣದಲ್ಲಿ ಬರೆದವಳು ನಾನೇ. ಬಾಲದ ಅಂಕಿಯಿಂದ ಅದನ್ನು ಕಳೆದವಳೂ ನಾನೇ.

ಹಲಗೆ ತಂದುಕೊಟ್ಟದ್ದು, ಅದರ ಮೇಲೆ ಕಾರು ತೂಗುವ ರೇಸ್ ಗ್ಯಾರೇಜಿನವನು. ಅವನು ಸೊನ್ನೆ ಮಾಡಿದ್ದನೇ?

ಮಾರ್ಚ್ ೧೫, ಶನಿವಾರ

ಗ್ಯಾರೇಜಿನವನಿಗೆ ಫೋನ್ ಮಾಡಿದೆ.

“ಸ್ಟೂಲಿಟ್ಟು ಸೊನ್ನೆ ಮಾಡೇ ಹೋಗಿದ್ದು ಅಕ್ಕಾ. ನಮ್ಮಲ್ಲಿ ಯಾರಾದ್ರೂ ಹಾಗೇ ಮಾಡೋದು. ಯಾಕೆ, ಏನಾಯ್ತು?”

“ಏನಿಲ್ಲ. ಸುಮ್ನೆ ಕೇಳಿದೆ.”

ಅವನು ತನ್ನ ಕೆಲಸದ ಪದ್ಧತಿಯಂತೆ ಸರಿಯಾಗಿ ಮಾಡಿದ, ನಾನು ನನ್ನ ಕೆಲಸದ ಪದ್ಧತಿಯಂತೆ ಸರಿಯಾಗಿ ಮಾಡಿದೆ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದೇ ಸ್ಟೂಲನ್ನು ಎರಡು ಸಲ ಕಳೆದೆವು, ಬಾಲ ಕಾಗದದಲ್ಲಿ ಮಾತ್ರ ಹಗುರವಾಯಿತು. ಅಣ್ಣ ನಾಲ್ಕೂವರೆ ಕಿಲೋ ಹಗುರ ಎಂದು ಕುಣಿದನಲ್ಲ, ಆಗಲಾದರೂ ನಾನು ಅನುಮಾನ ಪಡಬೇಕಿತ್ತು. ಅವನ ಖುಷಿಗೆ ನಾನೂ ಚಪ್ಪಾಳೆ ತಟ್ಟಿದೆ.

ಮತ್ತೆ ಲೆಕ್ಕ ಹಾಕಿದೆ. ವಿಮಾನದ ಭಾರ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ದೊಡ್ಡದು. ಭಾರ ಹಿಂದಕ್ಕೆ ಎಷ್ಟು ಸರಿಯಬಹುದು ಎಂಬುದಕ್ಕೆ ಒಂದು ಗೆರೆ ಇದೆ, ಅದನ್ನು ದಾಟಿದರೆ ಮೂಗು ಯಾರ ಮಾತೂ ಕೇಳುವುದಿಲ್ಲ. ನನ್ನ ಹಾಳೆಯಲ್ಲಿ ಆ ಗೆರೆಗಿಂತ ಎರಡು ಸೆಂಟಿಮೀಟರ್ ಮುಂದಿದ್ದೆವು. ನಿಜದಲ್ಲಿ ಮೂರು ಸೆಂಟಿಮೀಟರ್ ಹಿಂದೆ.

ಒಂದನೇ ತಾರೀಖಿನ ಪುಟ ತಿರುಗಿಸಿದೆ. ‘ಒಂದೆರಡು ಮಾತಾಯಿತು, ಮುಖ್ಯವಾದದ್ದೇನಲ್ಲ.’ ಆ ಮಾತು ಇಷ್ಟು:

“ಬಾಲ ಭಾರ ಅನ್ನಿಸ್ತಿದೆ. ಕಾಗದ ಒಂದ್ಸಲ ನೋಡು.”

“ನೋಡಿದೆ ಮೇಷ್ಟ್ರೇ. ಲೆಕ್ಕ ಸರಿಯಿದೆ.”

“ಸರಿ ಹಾಗಾದ್ರೆ.”

ನಾನು ಕಾಗದ ನೋಡಿರಲಿಲ್ಲ. ಅದು ನನಗೆ ಬಾಯಿಪಾಠವಾಗಿತ್ತು.

ಬಾಲ ಭಾರ ಎಂದು ತಮ್ಮನ್ನು ತಾವು ನಂಬಿದ್ದರೆ ಅವರು ವೇಗ ಇಳಿಸದೆ, ಎಂಜಿನ್ ತಗ್ಗಿಸದೆ ಬರುತ್ತಿದ್ದರು. ಉದ್ದನೆಯ ರನ್‌ವೇ ಆರಿಸಿದ್ದೇ ಅದಕ್ಕೆ. ಅವರು ನಂಬಿದ್ದು ನನ್ನನ್ನು.

ಮಾರ್ಚ್ ೧೬, ಭಾನುವಾರ

ಶೆಡ್ಡಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನು ಮುರಿದ ರೆಕ್ಕೆಯ ಪಟ್ಟಿಗಳನ್ನು ಬಿಡಿಸಿ, ಮತ್ತೆ ಬಳಸಬಹುದಾದದ್ದನ್ನು ಬೇರೆ ಜೋಡಿಸುತ್ತಿದ್ದ. ಕೊನೆಯವರೆಗೂ ಕೇಳಿದ. ಸ್ಟೂಲನ್ನು ಬೋರಲು ಹಾಕಿ ಸೀಮೆಸುಣ್ಣದ ಅಂಕಿ ನೋಡಿದ.

“ಯಾರಿಗೆಲ್ಲ ಗೊತ್ತು?”

“ನಮ್ಮಿಬ್ಬರಿಗೆ.”

“ಹಾಗಾದ್ರೆ ಇಲ್ಲಿಗೇ ಬಿಡು ಪುಟ್ಟಿ.” ನನಗೆ ನಲವತ್ತಾರು, ಅವನ ಬಾಯಲ್ಲಿ ಇನ್ನೂ ಪುಟ್ಟಿ. “ಹಾಳೆ ಮೇಲೆ ಕಟ್ಟಿದವನ ಸಹಿ ನಂದು. ಇದು ಹೊರಗೆ ಬಂದ್ರೆ ಇನ್ನೊಂದು ಕಟ್ಟೋಕೆ ಈ ಜನ್ಮದಲ್ಲಿ ಅನುಮತಿ ಸಿಗಲ್ಲ. ಮೇಷ್ಟ್ರಿಗೆ ಹೇಗೂ ಅರವತ್ತೇಳು. ಇವತ್ತಲ್ಲ ನಾಳೆ ಬಿಡ್ಲೇಬೇಕಿತ್ತು.”

“ಅವರು ಬಿಟ್ಟಿದ್ದಲ್ಲ ಅಣ್ಣ. ನಾವು ಬಿಡಿಸಿದ್ದು.”

“ನಾವಾ?”

“ನಾನು.”

“ಹಾಗನ್ನು. ನಾನು ಸರಿಯಾಗೇ ಕಟ್ಟಿದ್ದೆ.” ಉಳಿಯನ್ನು ಮೇಜಿನ ಮೇಲೆ ಕುಕ್ಕಿದ. “ನಾನೇ ಹಾರಿಸ್ತೀನಿ ಅಂದಾಗ ಬೇಡ ಅಂದವಳೂ ನೀನೇ.”

ಅವನೇ ಕೂತಿದ್ದರೆ ನಾಲ್ಕು ನಿಮಿಷವೂ ಆಗುತ್ತಿರಲಿಲ್ಲ. ಅವನಿಗೂ ಅದು ಗೊತ್ತಿದೆ ಎಂದು ಅವನ ಮುಖ ಹೇಳಿತು.

ಬಾಗಿಲಲ್ಲಿ ಅತ್ತಿಗೆ ಯಾವಾಗ ಬಂದು ನಿಂತಳೋ. “ಏನ್ರೀ, ಒಂದು ಮೆಟ್ಟಿಲು ಅರ್ಧ ಅಂಗುಲ ತಪ್ಪಿದ್ರೆ ಇಡೀ ಏಣಿ ಕಿತ್ತು ಮಾಡೋ ಮನುಷ್ಯ ನೀವು. ಈಗ ಮೇಲೆ ಬಣ್ಣ ಬಳೀತೀರಾ?”

“ನಿನಗೇನು ಗೊತ್ತು ವಿಮಾನದ ವಿಷಯ?”

“ವಿಮಾನದ್ದು ಗೊತ್ತಿಲ್ಲ. ಬೆನ್ನು ಮುರಿಯೋದು ಗೊತ್ತು.”

ಅಣ್ಣ ದೀಪ ಆರಿಸಿ ಹೊರಟುಹೋದ. ಹಗಲೇ ಆದರೂ ಶೆಡ್ಡು ಕತ್ತಲಾಯಿತು.

ಮಾರ್ಚ್ ೧೯, ಬುಧವಾರ

ಕೆಲಸ. ಮನೆ. ಕೆಲಸ. ಇವತ್ತೂ ಮಾತ್ರೆ ಒಯ್ದೆ, ಇವತ್ತೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ, ವಾರ್ಡಿನಲ್ಲಿ ಯಾರಾದರೂ ‘ತೂಕ’ ಎಂದರೆ ತಿರುಗಿ ನೋಡುತ್ತೇನೆ. ನರ್ಸು ರೋಗಿಗಳನ್ನು ತೂಗುತ್ತಿದ್ದಳು, ಅಷ್ಟೇ.

ಮೇಷ್ಟ್ರು ನಾಳೆ ಮನೆಗೆ ಹೋಗುತ್ತಾರೆ. ಲೋಟ ಹಿಡಿಯುವಾಗಲೂ ಈಗ ಎರಡೂ ಕೈ ಬಳಸುತ್ತಾರೆ. ಕೈಗೆ ಏನೂ ಆಗಿಲ್ಲ.

ಮಾರ್ಚ್ ೨೨, ಶನಿವಾರ

ಮೇಷ್ಟ್ರ ಮಗಳ ಮನೆಗೆ ಹೋದೆ. ಸಣ್ಣ ಮುಂದಿನ ಕೋಣೆ, ನೆಟ್ಟಗಿನ ಕುರ್ಚಿ. ಎದೆಯಿಂದ ಸೊಂಟದವರೆಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದರು. ಕಿಟಕಿ ಬೇಡವಂತೆ. ಆಕಾಶ ಕಾಣುತ್ತದಂತೆ.

ಚೀಲ ಕೆಳಗಿಡುವ ಮೊದಲೇ ಹೇಳಿಬಿಟ್ಟೆ. ಕೂತರೆ ಹೇಳಲಾರೆ ಅನ್ನಿಸಿತು. ಸ್ಟೂಲು, ಸೊನ್ನೆ, ಎರಡು ಸಲ ಕಳೆದದ್ದು, ಕಾಗದ ನೋಡದೆ ನೋಡಿದೆ ಎಂದದ್ದು. ಮಗಳು ಅಡುಗೆಮನೆಯಿಂದ ಹೊರಗೆ ಬಂದು ನಿಂತಳು.

ಮೇಷ್ಟ್ರು ಮೊದಲು ಕೇಳಿದ್ದು, “ಎಷ್ಟು ಹಿಂದೆ?”

“ಗೆರೆಗಿಂತ ಮೂರು ಸೆಂಟಿಮೀಟರ್.”

“ಎಷ್ಟು ಹೊತ್ತು ಹಾರಿದ್ದೆ?”

“ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.”

ಬಲಗೈಯನ್ನು ಮೊಣಕಾಲಿನ ಮೇಲೆ ಎತ್ತಿ, ವಿಮಾನ ನಡೆಸುವ, ಅಲ್ಲಿ ಇಲ್ಲದ ಕೋಲೊಂದನ್ನು ಮೂರು ಬೆರಳಲ್ಲಿ ಹಿಡಿದರು. ಬೆರಳು ಒಂದಿಷ್ಟೇ ಮುಂದೆ, ಒಂದಿಷ್ಟೇ ಹಿಂದೆ ಆಡಿದವು.

“ಅಷ್ಟು ಹೊತ್ತು ಹಿಡಿದಿದ್ದೆ,” ಎಂದರು, ಗೋಡೆಗೆ. ಆಮೇಲೆ ಕತ್ತು ತಿರುಗಿಸಲಾರದೆ ಗಟ್ಟಿಯಾಗಿ, “ಕೇಳಿಸ್ತೇನೇ ಮಗಳೇ? ಅಂಥಾದ್ದನ್ನ ಅಷ್ಟು ಹೊತ್ತು ಹಿಡಿದಿದ್ದೆ ನಾನು.”

“ಕೇಳಿಸ್ತಪ್ಪಾ.” ಅವಳು ನನ್ನ ಕಡೆ ನೋಡಲಿಲ್ಲ.

ಎಷ್ಟು ಹೊತ್ತು ಹಾಗೇ ಇದ್ದೆವೋ, ನೋಡಲಿಲ್ಲ.

“ನಿನಗೆ ಯಾವಾಗ ಗೊತ್ತಾಯ್ತು?”

“ಹೋದ ಶನಿವಾರ ಖಾತ್ರಿಯಾಯ್ತು.”

“ಒಂದು ವಾರ.” ಕೈ ಇಳಿಸಿದರು. “ದಿನಾ ಬಂದು ಮಾತ್ರೆ ಕೊಟ್ಟೆ. ನಾನು ದಿನಾ ನಿನ್ನೆದುರಿಗೇ ಈ ಕೈಗಳನ್ನ ಬೈಕೊಂಡೆ. ನೋಡು ಪಟ್ಟಿಯಮ್ಮ, ಎರಡು ಸಲ ಕಳೆದದ್ದಕ್ಕೆ ಕ್ಷಮೆ ಇದೆ. ನಾನೂ ಒಮ್ಮೆ ಇಂಧನ ಹಾಕದೆ ಹೊರಟವನೇ. ಆ ಒಂದು ವಾರಕ್ಕೆ ಇಲ್ಲ.”

“ಹೌದು ಮೇಷ್ಟ್ರೇ.”

“ಬರೆದು ಕಳಿಸು. ನನ್ನ ಮೇಲೆ ಕನಿಕರ ಪಟ್ಟು ಬರೀಬೇಡ. ಇಬ್ಬರು ಸರಿಯಾಗಿ ಮಾಡಿದ್ದು ಸೇರಿ ಹೇಗೆ ತಪ್ಪಾಯ್ತು, ಅದನ್ನ ಬರಿ. ನಾಳೆ ಇನ್ನೆಲ್ಲೋ ಯಾವನೋ ಸ್ಟೂಲಿಟ್ಟು ತೂಗ್ತಾನೆ.” ಗೋಡೆ ನೋಡುತ್ತಲೇ, “ಈಗ ಹೊರಡು. ಇನ್ನು ಬರೋದು ಬೇಡ.”

ಮಗಳು ಬಾಗಿಲವರೆಗೆ ಬಂದಳು. ಏನಾದರೂ ಬೈಯುತ್ತಾಳೆ ಎಂದು ನಿಂತೆ. ಬಾಗಿಲು ಹಾಕಿಕೊಂಡಳು. ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು. ಕಿಟಕಿಯ ಕಡೆಗೋ ಏನೋ, ನನಗೆ ಗೊತ್ತಾಗಲಿಲ್ಲ.

ಮಾರ್ಚ್ ೨೩, ಭಾನುವಾರ

ಹಳೆಯ ಪುಟ ಹರಿದು ಹೊಸದಾಗಿ ಬರೆದೆ. ಸೊಗಸಾಗಿಲ್ಲ. ‘ನಾನು ಕಳೆದೆ. ನಾನು ಕೇಳಲಿಲ್ಲ. ಅವರು ಕೇಳಿದಾಗ ನಾನು ನೋಡಲಿಲ್ಲ. ಅವರಿಗೆ ತಿಳಿದದ್ದು ಸರಿಯಾಗಿತ್ತು.’ ಬಾಲವನ್ನು ಮತ್ತೆ ತೂಗಿ ನೋಡಬಹುದು, ಅದು ಹಾಗೇ ಉಳಿದಿದೆ ಎಂದೂ ಬರೆದೆ. ಒಂದು ಪ್ರತಿ ಸಂಘದ ಕಾರ್ಯದರ್ಶಿಗೆ.

ಇದರಿಂದ ಮೇಷ್ಟ್ರ ಲೈಸೆನ್ಸ್ ಮರಳಿ ಬಂದರೂ ಆ ಬೆನ್ನು ಇನ್ನು ವಿಮಾನದಲ್ಲಿ ಕೂರುವುದಿಲ್ಲ. ಅಣ್ಣನ ಕೈ ಇನ್ನು ವಿಮಾನ ಕಟ್ಟುವುದಿಲ್ಲ. ಅವನು ವಾರದಿಂದ ನನ್ನೊಡನೆ ಮಾತಾಡಿಲ್ಲ. ಊಟಕ್ಕೆ ನಾನು ಇಳಿದರೆ ಅವನು ಏಳುತ್ತಾನೆ. ಅತ್ತಿಗೆ ಇಬ್ಬರಿಗೂ ಬೇರೆ ಬೇರೆಯಾಗಿ ಎರಡು ಸಲ ಬಡಿಸುತ್ತಾಳೆ, “ನನಗೊಂದು ಸೊನ್ನೆ ಗುಂಡಿ ಇಟ್ಟುಬಿಡಿ” ಎನ್ನುತ್ತಾಳೆ.

ಬೆಳಗ್ಗೆ ನನ್ನ ಕೋಣೆಯ ಬಾಗಿಲು ತೆಗೆದಾಗ ಹೊಸ್ತಿಲ ಹೊರಗೆ ಸ್ಟೂಲು ಇತ್ತು. ಸೀಮೆಸುಣ್ಣದ ಅಂಕಿ ಅಳಿಸಿಲ್ಲ. ಅಳಿಸದಿರಲೆಂದು ಅಣ್ಣ ಅದರ ಮೇಲೆ ಪೆನ್ಸಿಲಿನಲ್ಲಿ ತಿದ್ದಿದ್ದಾನೆ, ಬಡಗಿಯ ಚಪ್ಪಟೆ ಪೆನ್ಸಿಲು. ತಗೊಂಡು ತೊಲಗು ಎಂದೋ, ಇದನ್ನೂ ಸಾಕ್ಷಿಗೆ ಕೊಡು ಎಂದೋ, ತಿಳಿಯದು. ಕೇಳಲು ಶೆಡ್ಡಿನವರೆಗೆ ಹೋಗಿ ಮರಳಿ ಬಂದೆ. ಒಳಗೆ ಮರ ಹೆರೆಯುವ ರಂದದ ಸದ್ದಿತ್ತು, ಮೆಟ್ಟಿಲಿನ ಹಲಗೆ ಇರಬೇಕು.

ಸ್ಟೂಲಿನ ಮೇಲೆ ಕೂತೇ ಲಕೋಟೆ ಅಂಟಿಸಿದೆ. ಸ್ಟಾಪ್‌ವಾಚ್ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಹುಡುಕಬೇಕು. ಅಂಚೆ ಕಚೇರಿ ಇವತ್ತು ಮುಚ್ಚಿದೆ.

ರಿಜಿಸ್ಟರ್ಡ್ ಅಂಚೆಗೆ ಹಾಕುವುದು: ಮಾರ್ಚ್ ೨೪, ಸೋಮವಾರ.